ಗಲ್ಫ್ ಬೊನಿಯ ಹನ್ನೆರಡನೇ ಹಾಡು

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದ ಹಾಗೆ, ಬೊನಿಫಾಸ್ ಹನ್ನೆರಡನೇ ಹಾಡು ಹುಟ್ಟುವ ಮೊದಲೇ ಐನೂರು ಕಾರ್ಡು ಅಚ್ಚು ಹಾಕಿಸಿಬಿಟ್ಟ.

ಡಿಸೆಂಬರಿನ ಮೊದಲ ವಾರ. ಕಾರ್ಡಿನ ಕಟ್ಟನ್ನು ಹೆಗಲ ಮೇಲೆ ಹೊತ್ತು ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ತನ್ನ ಫ್ಲಾಟಿಗೆ ಮೂರು ಮಹಡಿ ಹತ್ತಿ ಬಂದು, ಊಟದ ಮೇಜಿನ ಮೇಲೆ ಇಳಿಸಿದ. ಕಾರ್ಡು ಬಿಡಿಸಿದರೆ ಒಳಗೆ ಒಂದು ಪೆನ್‌ಡ್ರೈವ್ ಸಿಕ್ಕಿಸಲು ಜಾಗ. ಹೊರಗೆ ದೊಡ್ಡ ಟೋಪಿ ಹಾಕಿ ಗಿಟಾರ್ ಹಿಡಿದ ಬೊನಿಫಾಸ್, ಅವನ ಹಿಂದೆ ತ್ರಿವರ್ಣ ಧ್ವಜ. 'ತಾಯ್ನಾಡಿಗೆ ಹನ್ನೆರಡು ಹಾಡು' ಎಂದು ದಪ್ಪ ಅಕ್ಷರ. ಅದರ ಕೆಳಗೆ, 'ಸಾಹಿತ್ಯ, ಸಂಗೀತ, ಗಾಯನ: ಗಲ್ಫ್ ಬೊನಿ.'

ಗಲ್ಫ್ ಬೊನಿ ಯಾರೆಂದು ದೋಹಾದ ಕೊಂಕಣಿ ಕ್ರೈಸ್ತರಿಗೆ ಹೇಳಬೇಕಾಗಿಲ್ಲ. ಮೆಸಯೀದ್‌ನ ಕಾರ್ಖಾನೆಯೊಂದರಲ್ಲಿ ಮೂವತ್ತೆರಡು ವರ್ಷದಿಂದ ಟೆಕ್ನಿಷಿಯನ್. ರಜಾದಿನಗಳಲ್ಲಿ ಹಾಡುಗಾರ. ಅಮೆರಿಕದ ದನಗಾಹಿಗಳ ಕಂಟ್ರಿ ಧಾಟಿಯಲ್ಲಿ ಕೊಂಕಣಿ, ಕನ್ನಡ ಹಾಡು ಹಾಡುತ್ತಾನೆ. ಶಿರ್ತಾಡಿಯಲ್ಲಿ ಚಿಕ್ಕಂದಿನಲ್ಲಿ ಎರಡು ಎಮ್ಮೆ ಮೇಯಿಸಿದವನಾದ್ದರಿಂದ ಆ ಧಾಟಿ ಬೇಗ ಮೈಗೆ ಹತ್ತಿತು ಎಂದು ಅವನ ತಾಯಿ ಅಗಾತಾಬಾಯಿಯ ಅಭಿಪ್ರಾಯ. ಆಗಸ್ಟ್ ಹದಿನೈದು, ಜನವರಿ ಇಪ್ಪತ್ತಾರು ಬಂತೆಂದರೆ ಅಲ್ಲಿನ ಕೊಂಕಣಿಗರ ಸಂಘದ ವೇದಿಕೆಯಲ್ಲಿ ಅವನದೊಂದು ದೇಶಭಕ್ತಿಯ ಹಾಡು ಇರಲೇಬೇಕು. ಈಗ ಜನವರಿ ಕೊನೆಗೆ ನಿವೃತ್ತಿ, ಸಂಸಾರ ಕಟ್ಟಿಕೊಂಡು ಊರಿಗೆ ವಾಪಸು. ಹೋಗುವ ಮೊದಲು ಹಳೆಯ ಹಾಡುಗಳಲ್ಲಿ ಹನ್ನೊಂದನ್ನು ಆರಿಸಿ, ಹೊಸದೊಂದು ಸೇರಿಸಿ ಆಲ್ಬಮ್ ತರಬೇಕು, ಗಣರಾಜ್ಯೋತ್ಸವದ ಹಿಂದಿನ ಶುಕ್ರವಾರ ಬಿಡುಗಡೆ ಆಗಬೇಕು ಎಂಬುದು ಅವನ ಆಸೆ.

ಹೆಂಡತಿ ಮ್ಯಾಗ್ಡಲಿನ್ ಅಡುಗೆಮನೆಯಲ್ಲಿ ಬಂಗುಡೆ ಶುಚಿ ಮಾಡುತ್ತಿದ್ದಳು. ಕೈ ತೊಳೆದು ನೈಟಿಗೆ ಒರೆಸಿಕೊಂಡು ಬಂದು ಕಾರ್ಡನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಕೆಳಗಿನ ಸಾಲನ್ನು ಎರಡು ಸಲ ಓದಿದಳು.

"ಹೇಗುಂಟು?" ಎಂದ ಬೊನಿಫಾಸ್.

"ಫೋಟೊ ಚೆನ್ನಾಗಿ ಬಂದಿದೆ. ಹೊಟ್ಟೆ ಕಾಣುವುದಿಲ್ಲ."

"ಗಿಟಾರ್ ಹಿಡಿದದ್ದೇ ಅದಕ್ಕೆ!" ಎಂದು ನಗುತ್ತಾ ಅವನು ತನ್ನ ಹಳೆಯ ನೋಟ್‌ಬುಕ್ ತೆಗೆದುಕೊಂಡು ಅವಳ ಹಿಂದೆಯೇ ಅಡುಗೆಮನೆಗೆ ಹೋದ. ಗ್ಯಾಸ್ ಸಿಲಿಂಡರಿನ ಪಕ್ಕದ ಸ್ಟೂಲಿನ ಮೇಲೆ ಕೂತು ಪೆನ್ನಿನ ಮುಚ್ಚಳ ತೆಗೆದ. "ಟ್ಯೂನ್ ಆಗಿದೆ ಮ್ಯಾಗಿ. ಹನ್ನೆರಡನೆಯದು. ಶುರುವಿನ ಒಂದು ಸಾಲು ಹೇಳು ನೋಡುವಾ."

"ನನಗೆ ಪುರುಸೊತ್ತಿಲ್ಲ."

"ಈಗಲೇ ಅಂತ ಅಲ್ಲ. ಮೀನು ಹುರಿದ ಮೇಲೆ."

"ಆಮೇಲೂ ಇಲ್ಲ" ಎಂದು ಅವಳು ಬಂಗುಡೆಯ ತಲೆ ಕತ್ತರಿಸಿದಳು.

ಇಲ್ಲೊಂದು ವಿಷಯ ಹೇಳಿಬಿಡಬೇಕು. ಬೊನಿಫಾಸನಿಗೆ ಸ್ವರ ದೇವರು ಕೊಟ್ಟದ್ದು, ಧಾಟಿ ರೇಡಿಯೊ ಕೊಟ್ಟದ್ದು, ಮಾತು ಮಾತ್ರ ಹೆಂಡತಿ ಕೊಟ್ಟದ್ದು. ಮದುವೆಯಾಗಿ ದೋಹಾಕ್ಕೆ ಬಂದಂದಿನಿಂದ ಅವಳು ಅಡುಗೆ ಮಾಡುತ್ತಾ ಹೇಳುವಳು, ಅವನು ಸ್ಟೂಲಿನ ಮೇಲೆ ಕೂತು ಬರೆದುಕೊಳ್ಳುವನು. ಉಪ್ಪು ಎಲ್ಲಿದೆ ಎಂದು ಕೇಳಿದ ಹಾಗೆ 'ಮುಂದಿನ ಸಾಲು ಎಂತ?' ಎಂದು ಕೇಳುವನು, ಅವಳೂ ಉಪ್ಪು ಕೊಟ್ಟ ಹಾಗೆ ಕೊಡುವಳು. ನೋಟ್‌ಬುಕ್ಕಿನ ತುಂಬ ತನ್ನದೇ ಅಕ್ಷರ ನೋಡಿ ನೋಡಿ, ಹಾಡೆಲ್ಲ ತನ್ನದೆಂದು ಅವನು ನಿಜವಾಗಿಯೂ ನಂಬಿಬಿಟ್ಟಿದ್ದ. ಅವನಲ್ಲಿ ಕಪಟ ಇರಲಿಲ್ಲ. ಕಪಟ ಇದ್ದಿದ್ದರೆ ಮ್ಯಾಗ್ಡಲಿನ್‌ಗೆ ಸಿಟ್ಟಾದರೂ ಸಲೀಸಾಗಿ ಬರುತ್ತಿತ್ತು. ಈಗ ಸಿಟ್ಟಿಗಿಂತ ನೋವೇ ಹೆಚ್ಚಾಯಿತು.

ಅವಳು ಹೇಳದಿದ್ದರೆ ಬೇಡ, ಹನ್ನೆರಡನೇ ಹಾಡು ನಾನೇ ಬರೆಯುತ್ತೇನೆ ಎಂದು ಬೊನಿಫಾಸ್ ಹೊರಟ. ಬೆಳಿಗ್ಗೆ ಮೆಸಯೀದ್‌ಗೆ ಹೋಗುವ ಕಂಪೆನಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ ಸಿಗುತ್ತದೆ. ಪಕ್ಕದ ಸೀಟಿನಲ್ಲಿ ಹತ್ತೊಂಬತ್ತು ವರ್ಷದಿಂದ ಅಬ್ದುಲ್ ಮಜೀದ್. ಫರಂಗಿಪೇಟೆಯವನು, ಅದೇ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ. ನಾಲ್ಕು ದಿನ ಒದ್ದಾಡಿ ಬರೆದದ್ದನ್ನು ಬೊನಿಫಾಸ್ ಅವನಿಗೆ ಓದಿ ಹೇಳಿದ.

"ಓ ಭಾರತ, ನೀನು ಬಹಳ ದೊಡ್ಡ ದೇಶ. ನಿನ್ನಲ್ಲಿ ಇರಬಾರದು ಯಾವುದೇ ದ್ವೇಷ. ಎಲ್ಲರೂ ಪಾಲಿಸಬೇಕು ಶಿಸ್ತು, ಮಾಡಬಾರದು ಅವಸರದ ಕಸರತ್ತು."

ಮಜೀದ್ ಕಿಟಕಿಯಿಂದ ಅವನ ಕಡೆ ತಿರುಗಿದ. "ಬೊನೀ, ಬೇಜಾರು ಮಾಡಬೇಡ. ಇದು ದೇಶಭಕ್ತಿಯಾ, ಸೇಫ್ಟಿ ಬೋರ್ಡಾ?"

"ಅಷ್ಟು ಕೆಟ್ಟದುಂಟಾ?"

"ಹೆಲ್ಮೆಟ್ ಧರಿಸಿ ಅಂತ ಒಂದು ಸಾಲು ಸೇರಿಸಿದರೆ ಗೇಟಿನಲ್ಲಿ ನೇತು ಹಾಕಬಹುದು. ನಿನ್ನ ಹಳೆಯ ಹಾಡು ಹೀಗೆ ಇರಲಿಲ್ಲ ಮಾರಾಯ. ಆ ಸೈನಿಕನ ಅಂಗಿ ಗುಂಡಿಯ ಹಾಡು ಕೇಳಿ ನಮ್ಮ ಉಮ್ಮ ಅತ್ತಿದ್ದರು. ಅದನ್ನು ಬರೆದ ತಲೆ ಎಲ್ಲಿ ಹೋಯಿತು?"

ಬೊನಿಫಾಸ್ ನೋಟ್‌ಬುಕ್ ಮುಚ್ಚಿ ಟಿಫಿನ್ ಚೀಲದಲ್ಲಿ ಹಾಕಿದ.

ಅತ್ತ ಮನೆಯಲ್ಲಿ ಮಗಳು ಬೆನಿಟಾ ಲ್ಯಾಪ್‌ಟಾಪ್ ಮುಂದೆ ಕೂತು ಹಾಡುಗಳನ್ನು ಟೈಪ್ ಮಾಡುತ್ತಿದ್ದಳು. ಪೆನ್‌ಡ್ರೈವಿನ ಜೊತೆ ಮೊಬೈಲಿನಲ್ಲಿ ಓದಲು ಸಾಹಿತ್ಯವೂ ಇರಲಿ ಎಂದು ಅಪ್ಪನ ಬೇಡಿಕೆ. ದೋಹಾದಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಯಲ್ಲಿ ಓದಿ, ಈಗ ಒಂದು ಲಾಜಿಸ್ಟಿಕ್ಸ್ ಆಫೀಸಿನಲ್ಲಿ ಕೆಲಸ ಮಾಡುವ ಇಪ್ಪತ್ತೈದರ ಹುಡುಗಿ. ಕನ್ನಡ ಅಕ್ಷರ ಅಜ್ಜಿ ಕಲಿಸಿದ್ದು. ಒಂದೊಂದೇ ಅಕ್ಷರ ಕೂಡಿಸಿ ಓದುವುದರಿಂದ, ಹಾಡಿನ ಗದ್ದಲದಲ್ಲಿ ಬೇರೆಯವರಿಗೆ ತಪ್ಪಿಹೋಗುವ ಮಾತೆಲ್ಲ ಅವಳ ಕಣ್ಣಿಗೆ ಬಿತ್ತು.

ಕ್ರಿಸ್ಮಸ್ಸಿಗೆ ಹತ್ತು ದಿನ ಇತ್ತು. ಶನಿವಾರ ಮಧ್ಯಾಹ್ನ ಎಲ್ಲರೂ ಅಡುಗೆಮನೆಯಲ್ಲಿ ಸೇರಿ ಹಬ್ಬದ ಕುಸ್ವಾರ್ ತಿಂಡಿ ಮಾಡುತ್ತಿದ್ದರು. ಅಗಾತಾಬಾಯಿ ಎಂಬತ್ತಮೂರರ ಬೆರಳಿನಲ್ಲಿ ಹಿಟ್ಟಿನ ಉಂಡೆಯನ್ನು ಫೋರ್ಕಿನ ಬೆನ್ನಿಗೆ ಒತ್ತಿ ಸುರುಳಿ ಮಾಡಿ ತಟ್ಟೆಗೆ ಹಾಕುತ್ತಿದ್ದರು. ಬೊನಿಫಾಸ್ ಮಾಡಿದ ಸುರುಳಿ ಒಂದೂ ನೆಟ್ಟಗಿರಲಿಲ್ಲ.

"ಪಪ್ಪಾ, ಒಂದು ಡೌಟ್" ಎಂದಳು ಬೆನಿಟಾ. "'ಮುಚ್ಚಳ ಎಷ್ಟು ಒತ್ತಿದರೂ ಗಂಜಿ ಉಕ್ಕದೆ ಇದ್ದೀತೆ, ತುಳಿದವರು ಎಷ್ಟು ತುಳಿದರೂ ನಾಡು ಏಳದೆ ಇದ್ದೀತೆ.' ಇದು ನೀವು ಬರೆದದ್ದಾ?"

"ಮತ್ತೆ? ಸಂಘದ ದಶಮಾನೋತ್ಸವಕ್ಕೆ."

"ನೀವು ಜೀವನದಲ್ಲಿ ಎಷ್ಟು ಸಲ ಗಂಜಿ ಬೇಯಿಸಿದ್ದೀರಿ?"

ಅಗಾತಾಬಾಯಿ ಕಿಸಕ್ಕನೆ ನಕ್ಕರು. ಬೊನಿಫಾಸ್, "ನೋಡಿದ್ದೇನಲ್ಲ" ಎಂದ.

"ಸರಿ. 'ಎರಡೆಳೆ ದಾರ ಹಾಕಿದ್ದೇನೆ ಮಗನೆ, ಗಡಿಯ ಗಾಳಿಗೆ ಗುಂಡಿ ಬಿಚ್ಚದು.' ನಿಮ್ಮ ಅಂಗಿಗೆ ಗುಂಡಿ ಯಾರು ಹಾಕುವುದು?"

"ಅದು ಕಲ್ಪನೆ."

"ಇದು? 'ಏಳು ಮಗು, ಬಸ್ಸು ಕಾಯುವುದಿಲ್ಲ. ಒಂದು ಕಾಲಿಗೆ ಸಾಕ್ಸು ಹಾಕು ಸಾಕು, ಇನ್ನೊಂದು ಕಾಲು ತಾನೇ ಬರುತ್ತದೆ.' ಪಪ್ಪಾ, ಇದನ್ನು ಎಷ್ಟು ಜನ ಇನ್‌ಸ್ಪಿರೇಷನ್ ಅಂತ ಸ್ಟೇಟಸ್ ಹಾಕಿದ್ದಾರೆ ಗೊತ್ತುಂಟಾ? ಕೆ.ಜಿ.ಯಲ್ಲಿ ನಾನು ಏಳದಿದ್ದಾಗ ಮಮ್ಮಿ ಹೇಳುತ್ತಿದ್ದದ್ದು ಇದು! ನನ್ನ ಸಾಕ್ಸು ಇದು! ಬಸ್ಸು ನಂಬರ್ ಹದಿನಾಲ್ಕು!"

ಮ್ಯಾಗ್ಡಲಿನ್ ಬಾಣಲೆಯ ಮುಂದೆ ನಿಂತಿದ್ದಳು. ತಿರುಗಲಿಲ್ಲ.

"ಅವಳು ಹೆಲ್ಪ್ ಮಾಡಿದ್ದಾಳೆ, ಇಲ್ಲ ಅನ್ನುವುದಿಲ್ಲ" ಎಂದ ಬೊನಿಫಾಸ್. "ಆದರೆ ನೋಟ್‌ಬುಕ್ಕಿನಲ್ಲಿ ಯಾರ ಅಕ್ಷರ ಉಂಟು ನೋಡು."

"ಆಫೀಸಿನಲ್ಲಿ ಬಾಸ್ ಹೇಳಿದ ಲೆಟರ್ ನಾನು ಟೈಪ್ ಮಾಡುತ್ತೇನೆ. ಕೆಳಗೆ ನನ್ನ ಸೈನ್ ಹಾಕಲಾ?"

"ಬೆನಿ, ಸಾಕು" ಎಂದರು ಅಗಾತಾಬಾಯಿ. "ಮದುವೆಯ ಹಿಂದಿನ ದಿನ ರೋಸ್‌ನಲ್ಲಿ ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ನಾನು ಎಷ್ಟು ವೇರ್ಸ್ ಹಾಡು ಕಟ್ಟಿ ಹೇಳಿದ್ದೇನೆ. ಇನ್ನೂರು ಮದುವೆ ಆಗಿರಬಹುದು. ಇದು ಅಗಾತಾಳದ್ದು ಅಂತ ಯಾರಾದರೂ ಬರೆದುಕೊಂಡರಾ? ಹೆಂಗಸರ ಹಾಡಿಗೆ ಎಂತ ಹೆಸರು?"

ಆಗ ಮ್ಯಾಗ್ಡಲಿನ್ ತಿರುಗಿದಳು. ಕೈಯಲ್ಲಿ ಎಣ್ಣೆ ಸೋರುವ ಜಾಲರಿ ಸೌಟು.

"ಮಾಂಯ್, ಹೆಸರು ಬೇಡ ಅಂತ ನಾನು ಯಾವಾಗ ಹೇಳಿದೆ? ಬೇಕಾ ಅಂತ ಯಾರೂ ಕೇಳಲಿಲ್ಲ. ಅದಕ್ಕೆ ಸುಮ್ಮನಿದ್ದೆ. ಪ್ರತಿ ಸಲ ಸಂಘದ ಆ ಎಡ್ನಾ ನಿರೂಪಣೆಗೆ ಮೈಕ್ ಹಿಡಿದು 'ಸಾಹಿತ್ಯ, ಸಂಗೀತ, ಗಾಯನ ನಮ್ಮ ಗಲ್ಫ್ ಬೊನಿ' ಅನ್ನುವಾಗ, ಈ ಸಲ ಇವರು ನನ್ನ ಕಡೆ ಒಮ್ಮೆ ನೋಡುತ್ತಾರಾ ಅಂತ ನೋಡುತ್ತಿದ್ದೆ. ವೇದಿಕೆಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ, ಹೋಗಲಿ ಅಂದುಕೊಂಡೆ. ಇದು ಅಚ್ಚು. ಊರಿಗೆ ಹೋದ ಮೇಲೂ ಇರುತ್ತದೆ. ನಾನು ಸತ್ತ ಮೇಲೂ ಇರುತ್ತದೆ."

"ಐನೂರು ಕಾರ್ಡು ಪ್ರಿಂಟ್ ಆಗಿ ಬಂದಿದೆ ಮ್ಯಾಗಿ. ಖಲಾಸ್. ಈಗ ನಾನು ಎಂತ ಮಾಡಲಿ?" ಎಂದು ಬೊನಿಫಾಸ್ ಸ್ವರ ಎತ್ತಿದ.

"ಎಂತದ್ದೂ ಬೇಡ. ಸುರುಳಿ ನೆಟ್ಟಗೆ ಮಾಡಿ."

ಕ್ರಿಸ್ಮಸ್ ಬಂತು, ಹೋಯಿತು. ಮನೆಯಲ್ಲಿ ಯಾವುದಕ್ಕೂ ಕಡಿಮೆಯಾಗಲಿಲ್ಲ. ಸಾನ್ನಾ ಉಬ್ಬಿತು, ಕೋಳಿ ಸಾರು ರುಚಿಯಾಯಿತು, ಬೊನಿಫಾಸನ ಟಿಫಿನ್ನಿನಲ್ಲಿ ಮೀನಿನ ದೊಡ್ಡ ತುಂಡೇ ಇರುತ್ತಿತ್ತು. ಮ್ಯಾಗ್ಡಲಿನ್ ಮುಖ ಗಂಟಿಕ್ಕಿಕೊಳ್ಳುವ ಹೆಂಗಸಲ್ಲ. ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಬೆಳಿಗ್ಗೆ ನಾಲ್ಕು ತಾಸು, ಸಂಜೆ ನಾಲ್ಕು ತಾಸು ನಗುನಗುತ್ತಾ ಕೂರುವವಳು, ಮನೆಯಲ್ಲೂ ನಕ್ಕಳು. ಆದರೆ ಅಡುಗೆ ಮಾಡುವಾಗ ತನ್ನಷ್ಟಕ್ಕೆ ಗುನುಗುವುದನ್ನು ನಿಲ್ಲಿಸಿಬಿಟ್ಟಳು. ಇಷ್ಟು ವರ್ಷ ಆ ಗುನುಗು ಇತ್ತೆಂದೇ ಯಾರಿಗೂ ಗೊತ್ತಿರಲಿಲ್ಲ, ನಿಂತ ಮೇಲೆ ಗೊತ್ತಾಯಿತು. ಮಧ್ಯಾಹ್ನ ತನಗೆ ನಿದ್ರೆಯೇ ಹತ್ತುವುದಿಲ್ಲವೆಂದು ಅಗಾತಾಬಾಯಿ ದೂರಿದರು.

ಜನವರಿಯ ಒಂದು ಸಂಜೆ ಮ್ಯಾಗ್ಡಲಿನ್ ಕ್ಲಿನಿಕ್ಕಿಗೆ ಹೋಗಿದ್ದಳು. ಬೊನಿಫಾಸ್ ನೋಟ್‌ಬುಕ್ ಹಿಡಿದು, ಖಾಲಿ ಅಡುಗೆಮನೆಯಲ್ಲಿ ಅದೇ ಸ್ಟೂಲಿನ ಮೇಲೆ ಕೂತ. ಜಾಗದ ಗುಣದಿಂದಲಾದರೂ ಒಂದು ಸಾಲು ಬಂದೀತೆಂಬ ಆಸೆ. ಬರಲಿಲ್ಲ. ಸುಮ್ಮನೆ ಹಳೆಯ ಪುಟ ತಿರುವಿದ. ಗಂಜಿಯ ಹಾಡಿನ ಪುಟದಲ್ಲಿ ಅರಸಿನದ ಬೆರಳಚ್ಚು. ಗುಂಡಿಯ ಹಾಡಿನ ಮೇಲೆ ಎಣ್ಣೆ ಹೀರಿ ಅಕ್ಷರ ಹಿಂದಿನ ಪುಟಕ್ಕೆ ಇಳಿದಿತ್ತು. ಸಾಕ್ಸಿನ ಹಾಡಿನ ಅಂಚಿಗೆ ಒಣಗಿದ ಹಿಟ್ಟು. 'ಸರಿಯಾಗಿ ಬರೆದಿರಾ, ತೋರಿಸಿ' ಎಂದು ಅವಳು ಒದ್ದೆ ಕೈಯಲ್ಲೇ ಪುಸ್ತಕ ಎಳೆದುಕೊಂಡು ನೋಡುತ್ತಿದ್ದದ್ದು ಅವನಿಗೆ ನೆನಪಾಯಿತು. ಕಲೆ ಇಲ್ಲದ ಪುಟಗಳೆಂದರೆ ಕೊನೆಯ ಆರು, ಬಸ್ಸಿನಲ್ಲಿ ಕೂತು ಬರೆದವು.

ಅಗಾತಾಬಾಯಿ ಗೋಡೆ ಹಿಡಿದು ಬಂದು ಬಾಗಿಲಲ್ಲಿ ನಿಂತರು. "ಬೊನ್ನೂ, ಅವತ್ತು ನಾನು ಸುಳ್ಳು ಹೇಳಿದೆ."

"ಯಾವತ್ತು ಮಾಂಯ್?"

"ಹೆಂಗಸರ ಹಾಡಿಗೆ ಹೆಸರು ಬೇಡ ಅಂದೆನಲ್ಲ. ಒಂದು ರೋಸ್‌ನಲ್ಲಿ ನಾನು ಕಟ್ಟಿದ ವೇರ್ಸ್ ಇನ್ನೊಬ್ಬಳು ತನ್ನದೂಂತ ಹೇಳಿದಳು. ಮದುಮಗಳ ಅಪ್ಪ ಅವಳಿಗೆ ಒಂದು ಸೀರೆ ಕೊಟ್ಟ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ಮನೆಗೆ ಬಂದು ಎಮ್ಮೆಯ ಹಾಲು ಕರೆಯುತ್ತಾ ಅತ್ತೆ. ನೀನು ಆಗ ಚಿಕ್ಕವನು, 'ಎಂತಕ್ಕೆ ಅಳುವುದು?' ಅಂತ ಕೇಳಿದೆ. ಎಮ್ಮೆ ಒದ್ದಿತು ಅಂದೆ."

"ಅದು ನೆನಪುಂಟು ನನಗೆ. ನಾನು ಹೋಗಿ ಎಮ್ಮೆಗೆ ಎರಡು ಬಾರಿಸಿದ್ದೆ!"

"ಪಾಪದ ಎಮ್ಮೆ" ಎಂದರು ಅಗಾತಾಬಾಯಿ. ಇಬ್ಬರೂ ನಗಲು ಹೊರಟರು, ಆದರೆ ಬೊನಿಫಾಸನ ಕಣ್ಣು ತುಂಬಿತು. ಅವನಿಗೆ ತನ್ನ ಮೇಲೆಯೇ ನಾಚಿಕೆಯಾಗಿತ್ತು.

ಮರುದಿನದಿಂದ ಬಸ್ಸಿನಲ್ಲಿ ಅವನು ದೇಶದ ಬಗ್ಗೆ ಬರೆಯುವುದನ್ನು ಬಿಟ್ಟು, ತನಗೆ ಗೊತ್ತಿದ್ದದ್ದನ್ನು ಬರೆದ. ಮೂರು ದಿನದಲ್ಲಿ ಆರು ಸಾಲಾಯಿತು. ಮ್ಯಾಗ್ಡಲಿನ್ ಸಂಜೆಯ ಡ್ಯೂಟಿಗೆ ಹೋದಾಗ ಬೆನಿಟಾ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದಳು. ಆಫೀಸಿನಿಂದ ಸಣ್ಣ ಸ್ಟಿಕ್ಕರ್ ಹಾಳೆ ತಂದು ಐನೂರು ಚೀಟಿ ಪ್ರಿಂಟ್ ತೆಗೆದಳು. ಅಜ್ಜಿ, ಮಗ, ಮೊಮ್ಮಗಳು ನಾಲ್ಕು ಸಂಜೆ ಕೂತು ಅಂಟಿಸಿದರು. ಅಗಾತಾಬಾಯಿ ಅಂಟಿಸಿದ್ದೇ ಎಲ್ಲಕ್ಕಿಂತ ನೆಟ್ಟಗೆ ಕೂತಿತು. ಏಳೂಮುಕ್ಕಾಲಾಯಿತೆಂದರೆ, ಮ್ಯಾಗ್ಡಲಿನ್ ಬರುವ ಮೊದಲೇ, ಎಲ್ಲವೂ ಬೆನಿಟಾಳ ಮಂಚದಡಿಗೆ.

"ಮಮ್ಮಿಗೆ ಹೇಳಿಬಿಡುವಾ ಪಪ್ಪಾ. ಪಾಪ, ಒಳಗೊಳಗೇ ಬೇಯುತ್ತಿದ್ದಾಳೆ."

"ಬೇಡ. ಎಡ್ನಾ ಮೂವತ್ತು ವರ್ಷ ತಪ್ಪು ಹೇಳಿದ್ದು ಮೈಕಿನಲ್ಲಿ. ಸರಿ ಮಾಡುವುದೂ ಮೈಕಿನಲ್ಲೇ ಆಗಬೇಕು."

ಕಾರ್ಯಕ್ರಮದ ಹಿಂದಿನ ಗುರುವಾರ ಬೇರೆಯೇ ಒಂದು ಸಂಗತಿ ನಡೆಯಿತು. ಬೊನಿಫಾಸ್ ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದಾಗ, ಅಂದು ಸಂಜೆಯ ಡ್ಯೂಟಿಗೆ ರಜೆ ಹಾಕಿದ್ದ ಮ್ಯಾಗ್ಡಲಿನ್ ಅಡುಗೆಮನೆಯಿಂದ ಕರೆದಳು.

"ಪುಸ್ತಕ ತಗೊಂಡು ಬನ್ನಿ."

"ಎಂತಕ್ಕೆ?"

"ಹನ್ನೆರಡು ಅಂತ ಅಚ್ಚು ಹಾಕಿ ಹನ್ನೊಂದು ಕೊಟ್ಟರೆ ಜನ ನಗುವುದಿಲ್ಲವಾ? ನಿಮ್ಮನ್ನು ನೋಡಿ ಜನ ನಗುವುದು ನನಗೆ ಆಗುವುದಿಲ್ಲ. ಒಂದು ಸಾಲು ಬಂದಿದೆ. ಬರೆದುಕೊಳ್ಳಿ. ಹೆಸರು ಎಂತದ್ದೂ ಬೇಡ." ಅವಳೇ ಸ್ಟೂಲು ಎಳೆದಿಟ್ಟು, ಮೇಲೊಮ್ಮೆ ಒರೆಸಿದ್ದಳು.

ಬೊನಿಫಾಸ್ ಆ ಸ್ಟೂಲನ್ನು ನೋಡಿದ. ಹೇಳಿಬಿಟ್ಟರೆ ನಾಳೆಯದೆಲ್ಲ ಹಾಳು. "ಬೇಡ ಮ್ಯಾಗಿ" ಎಂದ.

"ಬೇಡವಾ?"

"ಬೇಡ. ಹಾಡು ಆಗಿದೆ."

"ಹೌದಾ. ನಾನಿಲ್ಲದೆಯೂ ಆಗುತ್ತದೆ ಹಾಗಾದರೆ" ಎಂದು ಅವಳು ಸ್ಟೂಲನ್ನು ಮೂಲೆಗೆ ತಳ್ಳಿ ಈರುಳ್ಳಿ ಹೆಚ್ಚಲು ಕೂತಳು. ಆ ಸಂಜೆ ಅವಳ ಕಣ್ಣಲ್ಲಿ ನೀರು ಬಂದದ್ದಕ್ಕೆ ಈರುಳ್ಳಿ ಒಂದೇ ಕಾರಣವಲ್ಲ. ಬಾಗಿಲ ಹತ್ತಿರ ನಿಂತಿದ್ದ ಬೆನಿಟಾ ಅಪ್ಪನ ತೋಳಿಗೆ ಜೋರಾಗಿ ಚಿವುಟಿದಳು.

ಶುಕ್ರವಾರ ಬೆಳಿಗ್ಗೆ ಚರ್ಚಿನಲ್ಲಿ ಪೂಜೆ ಮುಗಿಸಿ ಎಲ್ಲರೂ ಸಭಾಭವನಕ್ಕೆ ಹೋದರು. ಮುನ್ನೂರು ಜನ ಸೇರಿದ್ದರು. ಮಜೀದನೂ ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದಿದ್ದ. ಮ್ಯಾಗ್ಡಲಿನ್ ನೀಲಿ ಸೀರೆ ಉಟ್ಟು ನಾಲ್ಕನೇ ಸಾಲಿನಲ್ಲಿ ಅತ್ತೆಯ ಪಕ್ಕ ಕೂತಳು. ಬರುವುದಿಲ್ಲ ಎನ್ನಲು ಬೆಳಿಗ್ಗೆ ಎರಡು ಸಲ ಬಾಯಿ ತೆರೆದಿದ್ದಳು, ಗಂಡನ ಟೋಪಿಯ ಧೂಳು ಒರೆಸುತ್ತಾ ಮರೆತಳು. ಎಡ್ನಾ ಮೈಕ್ ಹಿಡಿದು, "ಸಾಹಿತ್ಯ, ಸಂಗೀತ, ಗಾಯನ, ನಮ್ಮೆಲ್ಲರ ಗಲ್ಫ್ ಬೊನಿ!" ಎಂದಳು. ಚಪ್ಪಾಳೆ ಬಿತ್ತು. ಮ್ಯಾಗ್ಡಲಿನ್ ಮಡಿಲಲ್ಲಿದ್ದ ಪರ್ಸಿನ ಜಿಪ್ಪು ನೋಡುತ್ತಾ ಕೂತಳು.

"ಹಳೆಯದು ನಿಮಗೆಲ್ಲ ಗೊತ್ತುಂಟು" ಎಂದ ಬೊನಿಫಾಸ್. "ಮೊದಲು ಹೊಸದು ಹಾಡುತ್ತೇನೆ." ಗಿಟಾರ್ ಮೀಟಿ ಹಾಡಿದ:

"ಮೂವತ್ತೆರಡು ವರ್ಷ ತಿರುಗಿಸಿದೆ ವಾಲ್ವು,
ಒಂದೂ ಲೀಕ್ ಆಗಲಿಲ್ಲ.
ಮನೆಗೆ ಬಂದರೆ ಅನ್ನ ಬಿಸಿ ಇತ್ತು, ಹಾಡೂ ಬಿಸಿ ಇತ್ತು,
ಉಂಡೆ, ಹಾಡಿದೆ, ಯಾರು ಮಾಡಿದ್ದೆಂದು ಕೇಳಲಿಲ್ಲ.
ಓ ನನ್ನ ನಾಡೇ, ನಾನು ಬರುತ್ತೇನೆ,
ಆದರೆ ಒಬ್ಬನೇ ಬರುವುದಿಲ್ಲ."

ಸಭೆ ಒಂದು ಕ್ಷಣ ತಬ್ಬಿಬ್ಬಾಯಿತು. ವಾಲ್ವು ಎಂದಾಗಲೇ ಹಿಂದಿನ ಸಾಲಿನವರು ನಗು ತಡೆದುಕೊಂಡಿದ್ದರು. ಮಜೀದನಿಗೆ ತಡೆಯಲಾಗಲಿಲ್ಲ. "ಬೊನೀ, ಪ್ರಾಸ ಎಲ್ಲಿ ಮಾರಾಯ?"

"ಪ್ರಾಸ ಅಗೋ, ಅಲ್ಲಿ ಕೂತಿದೆ" ಎಂದು ಬೊನಿಫಾಸ್ ಟೋಪಿ ತೆಗೆದ. "ನಾಲ್ಕನೇ ಸಾಲು, ನೀಲಿ ಸೀರೆ. ಈಗ ಹಾಡಿದ್ದು ಒಂದೇ ನಾನು ಬರೆದದ್ದು. ಹೇಗುಂಟೂಂತ ನೀವೇ ಕೇಳಿದಿರಲ್ಲ? ಉಳಿದ ಹನ್ನೊಂದು, ಆ ಗಂಜಿ, ಆ ಗುಂಡಿ, ಆ ಸಾಕ್ಸು, ಎಲ್ಲ ಅವಳದು. ನಾನು ಸ್ಟೂಲಿನ ಮೇಲೆ ಕೂತು ಬರೆದುಕೊಂಡವನು. ಇಷ್ಟು ವರ್ಷ ಹೇಳಲಿಲ್ಲ. ತಪ್ಪಾಯಿತು, ಮ್ಯಾಗ್ಡಲಿನ್."

ಬೆನಿಟಾ ಕಾರ್ಡು ಹಂಚಲು ಶುರು ಮಾಡಿದಳು. ಮೊದಲನೆಯದನ್ನು ತಾಯಿಯ ಕೈಗೆ ಕೊಟ್ಟಳು. ಹಳೆಯ ಸಾಲಿನ ಮೇಲೆ ಸ್ವಲ್ಪವೂ ಓರೆಯಿಲ್ಲದೆ ಬಿಳಿ ಚೀಟಿ ಕೂತಿತ್ತು. 'ಹಾಡು ಒಂದರಿಂದ ಹನ್ನೊಂದು, ಸಾಹಿತ್ಯ: ಮ್ಯಾಗ್ಡಲಿನ್. ಹಾಡು ಹನ್ನೆರಡು: ಬೊನಿಫಾಸ್, ತಪ್ಪಿದ್ದರೆ ಕ್ಷಮಿಸಿ.'

ಮ್ಯಾಗ್ಡಲಿನ್ ಅದನ್ನು ಓದಿದಳು, ಮಡಚಿದಳು, ಮತ್ತೆ ತೆರೆದು ಓದಿದಳು. ಸುತ್ತ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಳಬಾರದೆಂದುಕೊಂಡಳು, ಆಗಲಿಲ್ಲ. ಅಗಾತಾಬಾಯಿ ಅವಳ ಕೈ ಹಿಡಿದುಕೊಂಡು, "ಇದು ನಾನು ಅಂಟಿಸಿದ್ದು" ಎಂದರು.

ಸಂಜೆ ಮನೆಗೆ ಬಂದವಳೇ ಸೀರೆ ಬದಲಾಯಿಸಿ, ಬೆಳಿಗ್ಗೆ ಮಾಡಿಟ್ಟ ಅನ್ನ ಬಿಸಿ ಮಾಡಲು ಒಲೆ ಹಚ್ಚಿದಳು. ಬೊನಿಫಾಸ್ ಮೂಲೆಯ ಸ್ಟೂಲನ್ನು ತಾನೇ ಎಳೆದುಕೊಂಡು ಕೂತ.

"ನಿಮ್ಮ ಹಾಡಿನಲ್ಲಿ" ಎಂದಳು ಮ್ಯಾಗ್ಡಲಿನ್, "ಆ 'ಲೀಕ್' ಅನ್ನುವ ಸಾಲು ಇದೆಯಲ್ಲ, ಒಂದೇ ಒಂದು ಪದ ಬದಲಾಯಿಸಿದರೆ ಪ್ರಾಸ ಕೂತುಬಿಡುತ್ತದೆ. ಹೇಳಲಾ?"

"ದಯವಿಟ್ಟು ಬೇಡ! ನೀನು ಒಂದು ಪದ ಮುಟ್ಟಿದರೂ ಅದೂ ನಿನ್ನ ಹಾಡಾಗುತ್ತದೆ. ಐನೂರು ಚೀಟಿ ಇನ್ನೊಂದು ಸಲ ಅಂಟಿಸಲಿಕ್ಕೆ ನನ್ನಿಂದ ಆಗ್ಲಿಕ್ಕಿಲ್ಲ."

ಮ್ಯಾಗ್ಡಲಿನ್ ಸೌಟು ಹಿಡಿದೇ ನಕ್ಕಳು. ನಗು ನಿಂತ ಮೇಲೆ ಅನ್ನ ತಿರುವುತ್ತಾ, ಗುರುವಾರ ಯಾರೂ ಬರೆದುಕೊಳ್ಳದ ಆ ಸಾಲನ್ನು ಮೆಲ್ಲಗೆ ಗುನುಗತೊಡಗಿದಳು.

ಒಳಕೋಣೆಯಲ್ಲಿ ಆಗಷ್ಟೇ ಅಡ್ಡಾಗಿದ್ದ ಅಗಾತಾಬಾಯಿ ತಲೆ ಎತ್ತಿದರು. "ಯಾರದು ಹಾಡುವುದು? ಈ ಮನೆಯಲ್ಲಿ ಇನ್ನು ಮುಂದೆ ಹೆಸರು ಹೇಳಿ ಹಾಡಬೇಕು!"

"ನಾನು, ಮಾಂಯ್" ಎಂದಳು ಅವಳು. "ಮ್ಯಾಗ್ಡಲಿನ್."